ಕ್ರೆಡಿಟ್ ಕಾರ್ಡ್ ಮತ್ತು ಸಿಬಿಲ್ ಸ್ಕೋರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬ್ಯಾಂಕಿನವನಲ್ಲ. ಮರೆತುಹೋಗಿದ್ದ ಒಂದು ಕಾರ್ಡಿನ ದೆಸೆಯಿಂದ ಮನೆ ಸಾಲಕ್ಕೆ ಎರಡು ತಿಂಗಳು ಅಲೆದು, ಆಮೇಲೆ ಇದನ್ನೆಲ್ಲ ಕೂತು ಓದಿಕೊಂಡವನು. ಆ ಕಥೆ ಕೆಳಗೆ ಬರುತ್ತದೆ. ಆಫೀಸಿನಲ್ಲಿ, ಲಿಫ್ಟಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಶುಲ್ಕ, ಬಡ್ಡಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನಿಮ್ಮ ಕಾರ್ಡಿನ ಲೆಕ್ಕವನ್ನು ನಿಮ್ಮ ಸ್ಟೇಟ್‌ಮೆಂಟಿನಲ್ಲೇ ನೋಡಿಕೊಳ್ಳಿ.

ಸಿಬಿಲ್ ಸ್ಕೋರ್ ಅಂದರೆ ನಿಜವಾಗಿ ಏನು?

ಊರಿನ ಕಿರಾಣಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡು ತೂಗುಹಾಕಿಯೂ ಶೆಟ್ಟರು ಕೆಲವರಿಗೆ ಉದ್ರಿ ಕೊಡುತ್ತಿದ್ದರು. ಯಾರಿಗೆ? ಶ್ರೀಮಂತರಿಗೆ ಅಂತಲ್ಲ, ಹೇಳಿದ ದಿನ ತಂದು ಕೊಡುವವರಿಗೆ. ಸಿಬಿಲ್ ಸ್ಕೋರ್ ಅದೇ ಉದ್ರಿ ಪುಸ್ತಕ. ಒಂದೇ ವ್ಯತ್ಯಾಸ, ಈ ಪುಸ್ತಕವನ್ನು ದೇಶದ ಎಲ್ಲ ಅಂಗಡಿಯವರೂ ತೆರೆದು ನೋಡಬಹುದು.

ಸಿಬಿಲ್ ಒಂದು ಕಂಪನಿಯ ಹೆಸರು. 2000ದಲ್ಲಿ ಶುರುವಾಯಿತು, ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಇನ್ನೂ ಮೂರಿವೆ. ಜನರ ಸಾಲದ ಲೆಕ್ಕ ಇಡುವ ಈ ಕಂಪನಿಗಳಿಗೆ ಕ್ರೆಡಿಟ್ ಬ್ಯೂರೋ ಅನ್ನುತ್ತಾರೆ. ನಾಲ್ಕೂ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು, 2005ರ ಕಾಯ್ದೆಯ ಕೆಳಗೆ ಕೆಲಸ ಮಾಡುತ್ತವೆ. ಆದರೆ ನಾವು ಎಲ್ಲ ನಕಲು ಪ್ರತಿಗೂ ಜೆರಾಕ್ಸ್ ಅನ್ನುವ ಹಾಗೆ ಎಲ್ಲ ಸ್ಕೋರನ್ನೂ ಸಿಬಿಲ್ ಅನ್ನುತ್ತೇವೆ. ಅಂಕಿ 300ರಿಂದ 900ರವರೆಗೆ. 750 ದಾಟಿದರೆ ಸಾಮಾನ್ಯವಾಗಿ ಬ್ಯಾಂಕಿನವರು ಕುರ್ಚಿ ಹಾಕಿ ಕೂರಿಸುತ್ತಾರೆ. ಹಾಗಂತ 750 ಎಂಬುದು ಕಾನೂನಿನ ಗೆರೆಯೇನಲ್ಲ, ಪ್ರತಿ ಬ್ಯಾಂಕಿಗೂ ಅದರದೇ ಗೆರೆ ಇದೆ. ಒಂದರಲ್ಲಿ 771, ಇನ್ನೊಂದರಲ್ಲಿ 748 ಬಂದರೆ ಗಾಬರಿಯಾಗಬೇಡಿ. ಲೆಕ್ಕ ಹಾಕುವ ರೀತಿಯೇ ಬೇರೆ ಬೇರೆ.

ಕೈತುಂಬ ಸಂಬಳ, ಖಾತೆಯಲ್ಲಿ ಆರು ಲಕ್ಷ ಇದೆ. ಆದರೂ "ನಿಮಗೆ ಹಿಸ್ಟರಿ ಇಲ್ಲ" ಅಂತಾರಲ್ಲ?

ಯಾಕೆಂದರೆ ನೀವು ಯಾವತ್ತೂ ಸಾಲ ಮಾಡಿಲ್ಲ. ಕ್ರೆಡಿಟ್ ರಿಪೋರ್ಟಿಗೆ ನಿಮ್ಮ ಸಂಬಳ ಕಾಣುವುದಿಲ್ಲ, ಎಫ್‌ಡಿ ಕಾಣುವುದಿಲ್ಲ, ಊರಿನ ಅಡಿಕೆ ತೋಟ ಕಾಣುವುದಿಲ್ಲ. ಕಾಣುವುದು ಒಂದೇ: ತೆಗೆದುಕೊಂಡಿರಾ, ಹೇಳಿದ ತಾರೀಖಿಗೆ ಕೊಟ್ಟಿರಾ.

ನಮ್ಮ ಕರಾವಳಿಯಲ್ಲಿ ಹುಟ್ಟಿದ ಪಿಗ್ಮಿ ಪದ್ಧತಿಯನ್ನು ನೆನೆಸಿಕೊಳ್ಳಿ. ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ತಂದದ್ದು ಅದು. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಪಿಗ್ಮಿ ಕಟ್ಟಿದ ಹೂವಿನ ಅಂಗಡಿಯಾಕೆಗಿಂತ ಶಿಸ್ತಿನವರು ಯಾರಿದ್ದಾರೆ? ಆದರೂ ಆಕೆಯ ಸಿಬಿಲ್ ಖಾಲಿ, ಯಾಕೆಂದರೆ ಅದು ಉಳಿತಾಯ, ಸಾಲವಲ್ಲ. ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. ಆದರೆ ವ್ಯವಸ್ಥೆ ಇರುವುದೇ ಹಾಗೆ.

ಹಾಗಾದರೆ ಮೊದಲ ಕಾರ್ಡ್ ತೆಗೆದುಕೊಳ್ಳುವುದು ಹೇಗೆ? ಕಾರ್ಡ್ ಬೇಕಾದರೆ ಸ್ಕೋರ್ ಬೇಕು, ಸ್ಕೋರ್ ಬೇಕಾದರೆ ಕಾರ್ಡ್ ಬೇಕು.

ಸಂಬಳದ ಖಾತೆ ಇರುವ ಬ್ಯಾಂಕನ್ನೇ ಮೊದಲು ಕೇಳಿ. ಅವರಿಗೆ ನಿಮ್ಮ ಸಂಬಳ ಬರುವುದು ಕಾಣುತ್ತದೆ, ಹಿಸ್ಟರಿ ಇಲ್ಲದಿದ್ದರೂ ಸಣ್ಣ ಲಿಮಿಟ್ಟಿನ ಕಾರ್ಡ್ ಕೊಡುವ ಸಾಧ್ಯತೆ ಹೆಚ್ಚು. ಅಲ್ಲಿ ಆಗಲಿಲ್ಲವೆಂದರೆ ಎಫ್‌ಡಿ ಮೇಲಿನ ಕಾರ್ಡ್. ಇಪ್ಪತ್ತು ಸಾವಿರ ಎಫ್‌ಡಿ ಇಟ್ಟರೆ ಅದರ ಮುಕ್ಕಾಲು ಭಾಗಕ್ಕೋ ಇನ್ನೂ ಸ್ವಲ್ಪ ಹೆಚ್ಚಿಗೋ ಲಿಮಿಟ್ ಕೊಡುತ್ತಾರೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ವಿದ್ಯಾರ್ಥಿಗಳಿಗೆ, ಗೃಹಿಣಿಯರಿಗೆ, ಆಟೋ ಓಡಿಸುವವರಿಗೆ, ಹಿಂದೆ ಸ್ಕೋರ್ ಕೆಡಿಸಿಕೊಂಡವರಿಗೆ ನಾನು ಹೇಳುವುದು ಇದನ್ನೇ. ಬ್ಯಾಂಕು ಇದರ ವ್ಯವಹಾರವನ್ನೂ ಮಾಮೂಲಿ ಕಾರ್ಡಿನ ಹಾಗೆಯೇ ಬ್ಯೂರೋಗೆ ಕಳಿಸುತ್ತದೆ.

ಮಾಡಬಾರದ್ದು ಯಾವುದೆಂದರೆ, ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕುವುದು. ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ರಿಪೋರ್ಟ್ ತೆಗೆಸುತ್ತದೆ, ಆ ವಿಚಾರಣೆ ದಾಖಲಾಗುತ್ತದೆ, ಸಾಲು ಸಾಲು ವಿಚಾರಣೆ ಬಿದ್ದರೆ ಸ್ಕೋರ್ ಇಳಿಯುತ್ತದೆ. ಮಾಲಿನ ಎಸ್ಕಲೇಟರ್ ಪಕ್ಕ ಟೈ ಕಟ್ಟಿ ನಿಂತ ಹುಡುಗನಿಗೆ ಟಾರ್ಗೆಟ್ ಇರುತ್ತದೆ, ಪಾಪ. ಆದರೆ "ಲೈಫ್ ಟೈಮ್ ಫ್ರೀ ಸರ್" ಅಂದ ಮಾತ್ರಕ್ಕೆ ಪ್ಯಾನ್ ನಂಬರ್ ಹೇಳಬೇಡಿ.

ಬಿಲ್ ಡೇಟ್, ಡ್ಯೂ ಡೇಟ್, ಐವತ್ತು ದಿನ ಬಡ್ಡಿ ಇಲ್ಲ. ಇದೇನು ಲೆಕ್ಕ?

ನಿಮ್ಮ ಬಿಲ್ಲು ತಿಂಗಳ 15ಕ್ಕೆ ಆಗುತ್ತದೆ, ಕಟ್ಟಲು ಕೊನೆಯ ದಿನ ಮುಂದಿನ ತಿಂಗಳ 5 ಅಂತಿಟ್ಟುಕೊಳ್ಳಿ. ಜೂನ್ 16ಕ್ಕೆ ಮಿಕ್ಸಿ ಕೊಂಡರೆ ಅದು ಜುಲೈ 15ರ ಬಿಲ್ಲಿಗೆ ಬರುತ್ತದೆ, ಕಟ್ಟಬೇಕಾದ್ದು ಆಗಸ್ಟ್ 5ಕ್ಕೆ. ಪೂರ್ತಿ 50 ದಿನ ಸಿಕ್ಕಿತು. ಅದೇ ಮಿಕ್ಸಿಯನ್ನು ಜುಲೈ 14ಕ್ಕೆ ಕೊಂಡರೆ ಸಿಗುವುದು 22 ದಿನ ಮಾತ್ರ. ದೊಡ್ಡ ಖರೀದಿ ಇದ್ದರೆ ಬಿಲ್ಲು ಆದ ಮರುದಿನ ಮಾಡಿ.

ಸಂಬಳ ಒಂದನೇ ತಾರೀಖು, ಡ್ಯೂ ಡೇಟ್ 28ನೇ ತಾರೀಖು ಅಂತ ಆದರೆ ತಿಂಗಳ ಕೊನೆಯಲ್ಲಿ ಒದ್ದಾಟ. ಬಿಲ್ಲಿನ ದಿನ ಬದಲಾಯಿಸಿಕೊಡಿ ಅಂತ ಕೇಳಿ. ಕನಿಷ್ಠ ಒಂದು ಸಲವಾದರೂ ಬದಲಾಯಿಸಿಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಮಿನಿಮಮ್ ಡ್ಯೂ ಕಟ್ಟಿದರೆ ಸಾಕಲ್ಲವಾ? ಬಿಲ್ಲಿನಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಹಾಕಿರ್ತಾರೆ.

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಮಿನಿಮಮ್ ಕಟ್ಟಿದರೆ ಸ್ಕೋರಿಗೆ "ತಪ್ಪಿಸಿದ" ಎಂಬ ಕಲೆ ಬೀಳುವುದಿಲ್ಲ, ಲೇಟ್ ಫೀ ಬೀಳುವುದಿಲ್ಲ. ಅಷ್ಟು ನಿಜ. ಆದರೆ ಕೈಯಲ್ಲಿರುವ ದುಡ್ಡು ಏನಾಗುತ್ತದೆ ನೋಡಿ.

ಜೂನ್ 5ಕ್ಕೆ 30,000 ರೂಪಾಯಿಯ ಫೋನು ಕೊಂಡಿರಿ. ಬೇರೆ ಖರ್ಚಿಲ್ಲ. ಜೂನ್ 15ಕ್ಕೆ ಬಿಲ್ಲು, ಜುಲೈ 5ಕ್ಕೆ ಕಟ್ಟಬೇಕು. ಮಿನಿಮಮ್ ಶೇ. 5, ಅಂದರೆ 1,500. ಅಷ್ಟು ಕಟ್ಟಿ ನಿಟ್ಟುಸಿರು ಬಿಟ್ಟಿರಿ. ಬಡ್ಡಿ ತಿಂಗಳಿಗೆ ಶೇ. 3.5 ಇರಲಿ, ವರ್ಷಕ್ಕೆ ಶೇ. 42. ಪೂರ್ತಿ ಕಟ್ಟದ ಕಾರಣ ಬಡ್ಡಿ ಇಲ್ಲದ ಅವಧಿ ಕೈಬಿಟ್ಟಿತು, ಈಗ ಬಡ್ಡಿಯ ಲೆಕ್ಕ ಫೋನು ಕೊಂಡ ದಿನದಿಂದ. ಜೂನ್ 5ರಿಂದ ಜುಲೈ 4ರವರೆಗೆ 30 ದಿನ, 30,000ದ ಮೇಲೆ ಸುಮಾರು 1,036 ರೂಪಾಯಿ. ಅಲ್ಲಿಂದ ಜುಲೈ 15ರ ಬಿಲ್ಲಿನ ತನಕ 11 ದಿನ, ಉಳಿದ 28,500ರ ಮೇಲೆ ಸುಮಾರು 361. ಎರಡೂ ಸೇರಿ 1,397. ಬಡ್ಡಿಯ ಮೇಲೂ ಶೇ. 18 ಜಿಎಸ್‌ಟಿ ಇದೆ, ಅದು 251. ಒಟ್ಟು 1,648.

ನೀವು ಕಟ್ಟಿದ್ದು 1,500, ಬಂದು ಸೇರಿದ್ದು 1,648. ಬಾಕಿ ಈಗ 30,148! ಒಂದೂವರೆ ಸಾವಿರ ಕಟ್ಟಿದ ಮೇಲೂ ಸಾಲ ಬೆಳೆದಿದೆ. ಎರಡನೇ ತಿಂಗಳ ಮಿನಿಮಮ್ಮಿಗೆ ಈ ಬಡ್ಡಿಯನ್ನೂ ಸೇರಿಸುತ್ತಾರೆ, ಅದು ಮೂರು ಸಾವಿರ ದಾಟುತ್ತದೆ. ಹಳೆ ಬಾಕಿ ತೀರುವ ತನಕ ನೀವು ಕಾರ್ಡಿನಲ್ಲಿ ಕೊಳ್ಳುವ ಹೊಸ ಅರ್ಧ ಲೀಟರ್ ಹಾಲಿಗೂ ಅವತ್ತಿನಿಂದಲೇ ಬಡ್ಡಿ. ಐವತ್ತು ದಿನ ಎಲ್ಲ ಮರೆತುಬಿಡಿ.

ಹಿಂದೆ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ಅಂದಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಹಾಗಾಗಿ ಆ ಕಡೆಯಿಂದ ಯಾರಾದರೂ ಕಾಪಾಡುತ್ತಾರೆ ಅಂತ ಕಾಯಬೇಡಿ. ಕಷ್ಟಕ್ಕೆ ಒಂದು ತಿಂಗಳು ಪೂರ್ತಿ ಕಟ್ಟಲಾಗಲಿಲ್ಲ ಅಂದರೆ ಮಿನಿಮಮ್ ಕಟ್ಟಿ ಮರ್ಯಾದೆ ಉಳಿಸಿಕೊಳ್ಳಿ. ಆ ತಿಂಗಳಿಂದ ಕಾರ್ಡನ್ನು ಬೀರುವಿನಲ್ಲಿಡಿ. ಬಾಕಿ ದೊಡ್ಡದಿದ್ದರೆ ಚಿನ್ನದ ಸಾಲವೋ ವೈಯಕ್ತಿಕ ಸಾಲವೋ ತೆಗೆದು ಇದನ್ನು ಮುಗಿಸುವುದೇ ಅಗ್ಗ. ಒಡವೆ ಅಡ ಇಡುವುದಕ್ಕೆ ಮನೆಯಲ್ಲಿ ಮುಖ ಗಂಟಿಕ್ಕುತ್ತಾರೆ, ಗೊತ್ತು. ಶೇ. 42 ಎಂಬ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿ.

ಡ್ಯೂ ಡೇಟ್ ಒಂದು ದಿನ ತಪ್ಪಿದರೆ ಸ್ಕೋರ್ ಹಾಳಾಯಿತೇ?

ಇಲ್ಲ. ಮೂರು ದಿನ ಮೀರಿದ ಮೇಲೇ ಲೇಟ್ ಫೀ ಹಾಕಬೇಕು, ಆಮೇಲೇ ಬ್ಯೂರೋಗೆ "ಬಾಕಿ ಮೀರಿದೆ" ಅಂತ ಹೇಳಬೇಕು. 2022ರ ಜುಲೈಯಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನ ಅದು. ಆದರೆ ನಾಲ್ಕನೇ ದಿನಕ್ಕೆ ಹೋದಿರೋ, ಎಣಿಕೆ ಮತ್ತೆ ಡ್ಯೂ ಡೇಟಿನಿಂದಲೇ ಶುರು. ಬಡ್ಡಿಗೆ ಈ ಮೂರು ದಿನದ ರಿಯಾಯಿತಿ ಇದೆ ಅಂತ ಭಾವಿಸಬೇಡಿ.

ರಿಪೋರ್ಟಿನಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳು ತಿಂಗಳಿನ ಚೌಕಗಳ ಸಾಲು ಇರುತ್ತದೆ, ಮೂರು ವರ್ಷದ್ದು. ಸೊನ್ನೆ ಸೊನ್ನೆ ಸೊನ್ನೆ ಅಂತಿದ್ದರೆ ಕ್ಷೇಮ. 030 ಅಂತಿದ್ದರೆ ಮೂವತ್ತು ದಿನ ತಡ. 090 ನೋಡಿದ ಮ್ಯಾನೇಜರು ಕನ್ನಡಕ ತೆಗೆದು ನಿಮ್ಮ ಮುಖ ನೋಡುತ್ತಾರೆ. ಪಾಸ್‌ಬುಕ್ಕಿನಲ್ಲಿ ಸೊನ್ನೆ ಕಂಡರೆ ಎದೆ ಧಸಕ್ಕೆನ್ನುತ್ತದೆ, ಇಲ್ಲಿ ಸೊನ್ನೆಯೇ ಭಾಗ್ಯ.

ಇದಕ್ಕೆಲ್ಲ ಮದ್ದು ಆಟೋ ಪೇ. ಆದರೆ ಅದನ್ನು ಹಾಕಿಸುವಾಗ "ಒಟ್ಟು ಬಾಕಿ" ಅಂತ ಟಿಕ್ ಮಾಡಿದ್ದೀರಾ, "ಮಿನಿಮಮ್" ಅಂತಲೋ ನೋಡಿಕೊಳ್ಳಿ. ನಮ್ಮ ಆಫೀಸಿನ ಹುಡುಗಿಯೊಬ್ಬಳು ಎಂಟು ತಿಂಗಳು ಮಿನಿಮಮ್ಮಿಗೆ ಆಟೋ ಪೇ ಇಟ್ಟು, "ತಾನೇ ತಾನಾಗಿ ಕಟ್ ಆಗ್ತಿದೆಯಲ್ಲ" ಅಂತ ನೆಮ್ಮದಿಯಾಗಿದ್ದಳು.

ಲಿಮಿಟ್ ಒಂದು ಲಕ್ಷ ಇದೆ. ಎಷ್ಟು ಬಳಸಬಹುದು?

ಬಳಸುವುದಕ್ಕೆ ಒಂದು ಲಕ್ಷವೂ ನಿಮ್ಮದೇ. ಸ್ಕೋರಿನ ದೃಷ್ಟಿಯಿಂದ ಮೂವತ್ತು ಸಾವಿರದ ಒಳಗಿದ್ದರೆ ಒಳ್ಳೆಯದು ಅಂತ ಹೇಳುತ್ತಾರೆ. ಶೇ. 30 ಎಂಬುದು ರೂಢಿಯ ಮಾತು, ನಿಯಮವಲ್ಲ. ಪ್ರತಿ ತಿಂಗಳೂ ಲಿಮಿಟ್ಟಿನ ಅಂಚಿನಲ್ಲೇ ಇರುವವನು ಸಾಲದ ಮೇಲೆ ಬದುಕುತ್ತಿದ್ದಾನೆ ಅಂತ ಲೆಕ್ಕಾಚಾರ ಊಹಿಸುತ್ತದೆ, ಅವನು ಪೂರ್ತಿ ಬಿಲ್ ಕಟ್ಟುತ್ತಿದ್ದರೂ.

ಇಲ್ಲೊಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಬ್ಯೂರೋಗೆ ಹೋಗುವುದು ಬಿಲ್ಲಿನಲ್ಲಿ ತೋರಿದ ಬಾಕಿ. ನೀವು ಆಮೇಲೆ ಕಟ್ಟಿದ್ದು ಅಲ್ಲಿ ಕಾಣಲು ಸ್ವಲ್ಪ ದಿನ ಬೇಕು. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಿಂದಿನಷ್ಟು ಕಾಯಬೇಕಿಲ್ಲ. ತಂಗಿಯ ಮದುವೆಗೆ ಸೀರೆ ಅಂಗಡಿಯಲ್ಲಿ ಎಂಬತ್ತು ಸಾವಿರ ಉಜ್ಜಿದ್ದೀರಿ, ಮುಂದಿನ ತಿಂಗಳು ಕಾರಿನ ಸಾಲಕ್ಕೆ ಅರ್ಜಿ ಹಾಕುವುದಿದೆ ಅಂತಾದರೆ, ಬಿಲ್ ಆಗುವುದಕ್ಕೆ ಎರಡು ಮೂರು ದಿನ ಮೊದಲೇ ಅರವತ್ತು ಸಾವಿರ ಕಟ್ಟಿಬಿಡಿ. ಬಿಲ್ಲಿನಲ್ಲಿ ಇಪ್ಪತ್ತು ಸಾವಿರವೇ ಕಾಣುತ್ತದೆ. ಬಿಲ್ ಬರುವ ಮುನ್ನ ಕಟ್ಟಬಾರದು ಅಂತ ಎಲ್ಲೂ ಇಲ್ಲ.

ಲಿಮಿಟ್ ಜಾಸ್ತಿ ಮಾಡ್ತೀವಿ ಅಂತ ಮೆಸೇಜ್ ಬರ್ತಿದೆ. ಒಪ್ಪಲೇ?

ನಿಮ್ಮ ಕೈ ನಿಮಗೆ ಗೊತ್ತು. ಖರ್ಚು ಅಷ್ಟೇ ಇದ್ದು ಲಿಮಿಟ್ ಏರಿದರೆ ಬಳಕೆಯ ಶೇಕಡಾವಾರು ಇಳಿಯುತ್ತದೆ, ಸ್ಕೋರಿಗೆ ಒಳ್ಳೆಯದೇ. ಲಿಮಿಟ್ ಏರಿದ ಕೂಡಲೇ ಟಿವಿ ಅಂಗಡಿಯ ಕಡೆ ಕಾಲು ಹೋಗುವವರು ಒಪ್ಪಬೇಡಿ. ನಿಮ್ಮನ್ನು ಕೇಳದೆ ಏರಿಸುವ ಹಾಗಿಲ್ಲ.

ಹಳೆ ಕಾರ್ಡ್ ಬಳಸುತ್ತಿಲ್ಲ. ಕ್ಲೋಸ್ ಮಾಡಲೇ?

ನನ್ನ ಕಥೆ ಇಲ್ಲಿದೆ. ಮೊದಲ ಕೆಲಸ ಸಿಕ್ಕಾಗ ತೆಗೆದ ಕಾರ್ಡ್. ಎರಡು ವರ್ಷ ಬಳಸಿದೆ, ಆಮೇಲೆ ಬೇರೆ ಬ್ಯಾಂಕಿನದು ಬಂತು, ಇದನ್ನು ಎರಡು ತುಂಡು ಮಾಡಿ ಕಸಕ್ಕೆ ಹಾಕಿದೆ. ಕತ್ತರಿಸಿದರೆ ಮುಗಿಯಿತು ಅಂದುಕೊಂಡಿದ್ದೆ! ಅಷ್ಟರಲ್ಲಿ ಮೊಬೈಲ್ ನಂಬರ್ ಬದಲಾಗಿತ್ತು, ಮನೆಯೂ ರಾಜಾಜಿನಗರದಿಂದ ಕೆಂಗೇರಿಗೆ ಬದಲಾಗಿತ್ತು. ವಾರ್ಷಿಕ ಶುಲ್ಕ ಅಂತ ಐನೂರು ಚಿಲ್ಲರೆ ಬಿತ್ತು. ಅದಕ್ಕೆ ಲೇಟ್ ಫೀ, ಅದಕ್ಕೆ ಬಡ್ಡಿ, ಅದಕ್ಕೆ ತೆರಿಗೆ. ಬಿಲ್ಲುಗಳೆಲ್ಲ ಹಳೆ ವಿಳಾಸದ ಮನೆ ಮಾಲೀಕರ ಶೂ ಸ್ಟ್ಯಾಂಡಿನ ಮೇಲೆ ಕೂತಿದ್ದವು. ಮೂರು ವರ್ಷದ ನಂತರ ಮನೆ ಸಾಲಕ್ಕೆ ಹೋದಾಗ ಆ ಅಧಿಕಾರಿ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದರು. ಆರು ಸಾವಿರ ಚಿಲ್ಲರೆ ಬಾಕಿ, ಸಾಲು ಸಾಲು ತಿಂಗಳು ತಡ. ಒಂದು ಪೈಸೆ ಖರ್ಚು ಮಾಡದೆ ನಾನು ಸಾಲಗಾರನಾಗಿದ್ದೆ.

ಹಾಗಾಗಿ: ಶುಲ್ಕ ಇಲ್ಲದ ಹಳೆ ಕಾರ್ಡ್ ಇದ್ದರೆ ಇಟ್ಟುಕೊಳ್ಳಿ. ಎಷ್ಟು ಹಳೆಯ ಖಾತೆ ಇದೆ ಎಂಬುದಕ್ಕೂ ಬೆಲೆ ಇದೆ. ಎರಡು ತಿಂಗಳಿಗೊಮ್ಮೆ ಒಂದು ಮೊಬೈಲ್ ರೀಚಾರ್ಜ್, ಒಂದು ಬೆಸ್ಕಾಂ ಬಿಲ್ ಅದರಲ್ಲಿ ಮಾಡಿ. ಒಂದು ವರ್ಷಕ್ಕೂ ಹೆಚ್ಚು ಮುಟ್ಟದಿದ್ದರೆ ಬ್ಯಾಂಕು ನಿಮಗೆ ತಿಳಿಸಿ, 30 ದಿನದಲ್ಲಿ ಉತ್ತರ ಬಾರದಿದ್ದರೆ, ತಾನೇ ಮುಚ್ಚಬಹುದು. ಶುಲ್ಕ ಇದ್ದು ಉಪಯೋಗ ಇಲ್ಲದಿದ್ದರೆ ಬರವಣಿಗೆಯಲ್ಲಿ ಮುಚ್ಚಿಸಿ. ಬಾಕಿ ಪೂರ್ತಿ ಕಟ್ಟಿ ಕೇಳಿಕೊಂಡ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು. ಮುಚ್ಚಿದ ಪತ್ರವನ್ನು ಇಮೇಲಿನಲ್ಲಿ ಇಟ್ಟುಕೊಳ್ಳಿ. ಎರಡು ತಿಂಗಳು ಬಿಟ್ಟು ರಿಪೋರ್ಟಿನಲ್ಲಿ "ಕ್ಲೋಸ್ಡ್" ಅಂತ ಬಂದಿದೆಯಾ ನೋಡಿ. ಕತ್ತರಿ ಆಮೇಲೆ.

ನನ್ನ ಸ್ಕೋರ್ ನಾನೇ ನೋಡಿಕೊಂಡರೆ ಇಳಿಯುತ್ತಂತೆ, ಹೌದಾ?

ಇಲ್ಲ. ಬ್ಯಾಂಕು ಸಾಲದ ಅರ್ಜಿಗಾಗಿ ನೋಡಿದರೆ ಮಾತ್ರ ವಿಚಾರಣೆ ಅಂತ ಲೆಕ್ಕ. ನಾಲ್ಕೂ ಬ್ಯೂರೋಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು, 2017ರಿಂದ ಈ ವ್ಯವಸ್ಥೆ ಇದೆ. ನಾನು ಯುಗಾದಿಗೆ ಒಂದು, ಗಣೇಶನ ಹಬ್ಬಕ್ಕೆ ಒಂದು, ದೀಪಾವಳಿಗೆ ಒಂದು, ಸಂಕ್ರಾಂತಿಗೆ ಒಂದು ಅಂತ ತೆಗೆಯುತ್ತೇನೆ. ಬ್ಯೂರೋದ ಸ್ವಂತ ಜಾಲತಾಣಕ್ಕೇ ಹೋಗಿ. ಪುಕ್ಕಟೆ ಸ್ಕೋರ್ ತೋರಿಸುವ ಆ್ಯಪುಗಳು ಆಮೇಲೆ ಸಾಲ ಬೇಕಾ, ಸಾಲ ಬೇಕಾ ಅಂತ ಫೋನ್ ಮಾಡಿ ಪ್ರಾಣ ತೆಗೆಯುತ್ತವೆ.

ಕಾರ್ಡಿನಿಂದ ಎಟಿಎಂನಲ್ಲಿ ದುಡ್ಡು ತೆಗೆಯಬಹುದಾ?

ಬೇಡ. ತೆಗೆದ ಕ್ಷಣದಿಂದ ಬಡ್ಡಿ, ಮೇಲೆ ಶುಲ್ಕ ಬೇರೆ.

ನೋ ಕಾಸ್ಟ್ ಇಎಂಐ ನಿಜವಾಗಿಯೂ ಖರ್ಚಿಲ್ಲದ್ದಾ?

ಬಹುಮಟ್ಟಿಗೆ. ಬಡ್ಡಿಯಷ್ಟನ್ನು ಅಂಗಡಿಯವರು ರಿಯಾಯಿತಿ ಅಂತ ಮೊದಲೇ ಕಳೆದಿರುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ನಿಮ್ಮ ತಲೆಗೇ. ಪೂರ್ತಿ ನಗದು ಕೊಟ್ಟಿದ್ದರೆ ಆ ರಿಯಾಯಿತಿ ನಿಮಗೇ ಸಿಗುತ್ತಿತ್ತೇ ಅಂತ ಒಮ್ಮೆ ಕೇಳಿ ನೋಡಿ. ಇನ್ನೊಂದು, ಕಂತು ತೀರುವ ತನಕ ಲಿಮಿಟ್ಟಿನಲ್ಲಿ ಅಷ್ಟು ದುಡ್ಡು ಕಟ್ಟಿಹಾಕಿದ ಹಾಗೆ.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದೇನೆ. ಅಪಾಯ ಇದೆಯಾ?

2022ರಿಂದ ಬಂದಿರುವ ಅನುಕೂಲ ಇದು. ಅಪಾಯ ಕಾರ್ಡಿನದಲ್ಲ, ಬೆರಳಿನದು. ಹಿಂದೆ ಕಾರ್ಡ್ ತೆಗೆಯಬೇಕಾದರೆ ದೊಡ್ಡ ಅಂಗಡಿಗೆ ಹೋಗಬೇಕಿತ್ತು. ಈಗ ದರ್ಶಿನಿಯಲ್ಲಿ ಖಾಲಿ ದೋಸೆಗೂ, ಪಾನಿಪುರಿಗೂ, ಕೊತ್ತಂಬರಿ ಕಟ್ಟಿಗೂ ಸ್ಕ್ಯಾನ್. ಐವತ್ತು, ನೂರು ಲೆಕ್ಕಕ್ಕೇ ಸಿಗುವುದಿಲ್ಲ, ತಿಂಗಳ ಕೊನೆಗೆ ಒಂಬತ್ತು ಸಾವಿರ ಆಗಿರುತ್ತದೆ. ಚಿಲ್ಲರೆ ಖರ್ಚು ಉಳಿತಾಯ ಖಾತೆಯಿಂದಲೇ ಹೋಗಲಿ, ಖಾತೆ ಕರಗುವುದು ಕಣ್ಣಿಗೆ ಕಂಡರೆ ಕೈ ತಾನೇ ಬಿಗಿಯಾಗುತ್ತದೆ.

ಹೆಂಡತಿಗೆ ಆಡ್-ಆನ್ ಕಾರ್ಡ್ ಕೊಡಿಸಿದರೆ ಅವಳಿಗೂ ಸ್ಕೋರ್ ಬರುತ್ತಾ?

ಬರುವುದಿಲ್ಲ. ಆಡ್-ಆನ್ ಅಂದರೆ ನಿಮ್ಮ ಖಾತೆಯ ಮೇಲೇ ಮನೆಯವರಿಗೆ ಕೊಡುವ ಇನ್ನೊಂದು ಕಾರ್ಡ್, ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ. ಅವರ ಹೆಸರಿನಲ್ಲೇ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆಯಿರಿ. ಮುಂದೆ ಜಂಟಿಯಾಗಿ ಮನೆ ಸಾಲಕ್ಕೆ ಹೋದಾಗ ಇಬ್ಬರ ರಿಪೋರ್ಟನ್ನೂ ನೋಡುತ್ತಾರೆ.

ಗೆಳೆಯನಿಗೆ ಶ್ಯೂರಿಟಿ ಹಾಕಿದ್ದೇನೆ. ಅದೂ ನನ್ನ ಸಿಬಿಲ್‌ಗೆ ಬರುತ್ತಾ?

ಬರುತ್ತದೆ. ಜಾಮೀನುದಾರ ಅಂತ ನಿಮ್ಮ ರಿಪೋರ್ಟಿನಲ್ಲೇ ಆ ಸಾಲ ಕೂತಿರುತ್ತದೆ, ಅವನು ಕಂತು ತಪ್ಪಿಸಿದರೆ ಕಲೆ ನಿಮಗೂ. "ಬರೀ ಒಂದು ಸಹಿ ಕಣೋ" ಎಂಬ ಮಾತಿಗೆ ಬಲಿಯಾದವರನ್ನು ಎಣಿಸಲು ಕೂತರೆ ಹೊತ್ತು ಮುಳುಗುತ್ತದೆ. ಕಾರ್ಡನ್ನೇ ಗೆಳೆಯನ ಕೈಗೆ ಕೊಡುವುದೂ ಅಷ್ಟೇ. ಅವನು ಬಿಲ್ಲಿನ ದುಡ್ಡು ಕೊಡುವುದು ಅವನಿಗೆ ಅನುಕೂಲವಾದಾಗ, ಬ್ಯಾಂಕು ಕೇಳುವುದು 5ನೇ ತಾರೀಖಿಗೆ.

ನಮ್ಮಪ್ಪನ ಹತ್ತಿರ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಅದೂ ಇದೂ ಒಂದೇನಾ?

ಹೆಸರು ಮಾತ್ರ ಒಂದೇ. 1998ರಲ್ಲಿ ಬಂದ ಕೆಸಿಸಿ ಬೆಳೆ ಸಾಲದ ಒಂದು ರೂಪ. ಸಕಾಲಕ್ಕೆ ಕಟ್ಟಿದರೆ ಸರ್ಕಾರದ ಬಡ್ಡಿ ನೆರವು ಸಿಕ್ಕಿ ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ. 4ರ ಸುಮಾರಿಗೆ ಇಳಿಯುತ್ತದೆ. ಶೇ. 42 ಎಲ್ಲಿ, ಶೇ. 4 ಎಲ್ಲಿ! ಆದರೆ ಬ್ಯಾಂಕಿನ ಕೆಸಿಸಿಯೂ ಸಿಬಿಲ್ ರಿಪೋರ್ಟಿನಲ್ಲಿ ಸಾಲವಾಗಿ ಕಾಣುತ್ತದೆ. "ಹೇಗೂ ಮನ್ನಾ ಆಗುತ್ತೆ" ಅಂತ ನವೀಕರಿಸದೆ ಬಿಟ್ಟವರು ಮುಂದೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಪರದಾಡುತ್ತಾರೆ.

ಬ್ಯಾಂಕಿನವರು "ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ" ಅಂತಾರೆ. ಒಪ್ಪಿಕೊಳ್ಳಲಾ?

ಕೈ ಪೂರ್ತಿ ಖಾಲಿಯಾಗಿದ್ದರೆ, ಕಾಯಿಲೆ ಕಸಾಲೆ ಬಂದು ಬೇರೆ ದಾರಿ ಇಲ್ಲದಿದ್ದರೆ ಒಪ್ಪಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ತಿಳಿದು ಒಪ್ಪಿ: ರಿಪೋರ್ಟಿನಲ್ಲಿ "ಕ್ಲೋಸ್ಡ್" ಅಂತ ಬರುವುದಿಲ್ಲ, "ಸೆಟಲ್ಡ್" ಅಂತ ಬರುತ್ತದೆ. ಶೆಟ್ಟರ ಪುಸ್ತಕದಲ್ಲಿ ಆ ಪುಟಕ್ಕೆ ಕೆಂಪು ಶಾಯಿ. ಬ್ಯೂರೋಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. ಸ್ವಲ್ಪ ಉಸಿರಾಡುವಂತಾದ ಮೇಲೆ ಬಿಟ್ಟುಕೊಟ್ಟ ಉಳಿದ ಹಣವನ್ನು ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಪಡೆದು "ಕ್ಲೋಸ್ಡ್" ಅಂತ ಬದಲಾಯಿಸಲು ಕೇಳಬಹುದು. ಸೆಟಲ್‌ಮೆಂಟಿನ ಮಾತು ಫೋನಿನಲ್ಲಿ ಮುಗಿಯಬಾರದು. ಬ್ಯಾಂಕಿನ ಪತ್ರ ಕೈಗೆ ಬರದೆ ಒಂದು ರೂಪಾಯಿಯೂ ಕಟ್ಟಬೇಡಿ, ವಸೂಲಿಯವನ ಸ್ವಂತ ನಂಬರಿಗೆ ಫೋನ್‌ಪೇ ಅಂತೂ ಬೇಡವೇ ಬೇಡ.

ನಾನು ತೆಗೆಯದ ಸಾಲ ನನ್ನ ರಿಪೋರ್ಟಿನಲ್ಲಿದೆ!

ನಮ್ಮಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ: ಇನಿಶಿಯಲ್. ಕೆ. ಮಂಜುನಾಥ ಅಂದರೆ ಒಬ್ಬರಿಗೆ ಕೃಷ್ಣಪ್ಪನ ಮಗ, ಇನ್ನೊಬ್ಬರಿಗೆ ಕಡೂರಿನವನು. ಪ್ಯಾನಿನಲ್ಲಿ ಅಪ್ಪನ ಹೆಸರು ಪೂರ್ತಿ, ಆಧಾರಿನಲ್ಲಿ ಬರೀ ಅಕ್ಷರ, ಬ್ಯಾಂಕಿನಲ್ಲಿ ಅಕ್ಷರ ಹಿಂದೆ ಮುಂದೆ. ಸಾಲದ್ದಕ್ಕೆ ಎಷ್ಟೋ ಜನರ ಜನ್ಮದಿನ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ ಒಂದು! ಹೆಸರೂ ಹುಟ್ಟಿದ ದಿನವೂ ಒಂದೇ ಆದ ಇಬ್ಬರ ದಾಖಲೆ ಬೆರೆತುಹೋಗುವುದು ಆಶ್ಚರ್ಯವೇನಲ್ಲ. ಮೊದಲು ಎಲ್ಲ ಕಡೆ ಹೆಸರು ಒಂದೇ ತರ ಮಾಡಿಸಿಕೊಳ್ಳಿ.

ತಪ್ಪು ಕಂಡರೆ ಬ್ಯೂರೋದ ಜಾಲತಾಣದಲ್ಲಿ ತಕರಾರು ದಾಖಲಿಸಿ, ಆ ಬ್ಯಾಂಕಿಗೂ ಬರೆಯಿರಿ. 30 ದಿನದಲ್ಲಿ ಇತ್ಯರ್ಥ ಆಗಬೇಕು. ಆಗದಿದ್ದರೆ ತಡವಾದ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ ಕೊಡಬೇಕು, 2024ರ ಏಪ್ರಿಲ್ ಕೊನೆಯಿಂದ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ವಕೀಲರು ಬೇಡ, ಶುಲ್ಕವೂ ಇಲ್ಲ. ನಿಮ್ಮ ಹೆಸರಿನಲ್ಲಿ ಯಾರೋ ಬೇಕೆಂದೇ ಸಾಲ ಎತ್ತಿದ್ದಾರೆ ಅನ್ನಿಸಿದರೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರನ್ನೂ ದಾಖಲಿಸಿ.

"ಹದಿನೈದು ದಿನದಲ್ಲಿ ಸಿಬಿಲ್ 800 ಮಾಡಿಕೊಡ್ತೀವಿ" ಅಂತ ಜಾಹೀರಾತು ನೋಡಿದೆ.

ತಪ್ಪು ನಮೂದು ತೆಗೆಸುವುದು ನೀವೇ ಪುಕ್ಕಟೆ ಮಾಡಬಹುದಾದ ಕೆಲಸ. ಸರಿಯಾದ ನಮೂದನ್ನು ಯಾರೂ ಅಳಿಸಲಾರರು. ಹಾಗಾದರೆ ಅವರಿಗೆ ಐದು ಸಾವಿರ ಯಾತಕ್ಕೆ?

ಅಮೆರಿಕಕ್ಕೆ ಹೋಗುತ್ತಿದ್ದೇನೆ. ಇಲ್ಲಿನ 810 ಅಲ್ಲಿ ನಡೆಯುತ್ತಾ?

ಅಲ್ಲಿನ ಬ್ಯೂರೋಗಳಿಗೆ ನೀವು ಹೊಸಬರು. ಅಲ್ಲಿ ಹೆಚ್ಚು ಬಳಕೆಯ ಫೈಕೋ ಸ್ಕೋರ್ 300ರಿಂದ 850, ಶುರು ಮತ್ತೆ ಠೇವಣಿ ಇಟ್ಟು ತೆಗೆಯುವ ಕಾರ್ಡಿನಿಂದಲೇ. ಇಂಗ್ಲೆಂಡಿಗೆ ಹೋಗುವವರಿಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: ಕಾಮನ್‌ವೆಲ್ತ್ ದೇಶದವರಾದ್ದರಿಂದ ಅಲ್ಲಿ ವಾಸಿಸುವ ಭಾರತೀಯರೂ ಮತದಾರರ ಪಟ್ಟಿಗೆ ಸೇರಬಹುದು, ಆ ಪಟ್ಟಿಯಲ್ಲಿ ಹೆಸರಿದ್ದರೆ ವಿಳಾಸ ಖಚಿತವಾಗಿ ಕ್ರೆಡಿಟ್ ದಾಖಲೆಗೆ ಅನುಕೂಲ. ಹೋಗುವ ಮುನ್ನ ಇಲ್ಲಿನ ಕಾರ್ಡುಗಳ ಫೋನ್ ನಂಬರ್, ಇಮೇಲ್ ಸರಿಯಾಗಿದೆಯಾ ನೋಡಿ. ಇಲ್ಲದಿದ್ದರೆ ನನ್ನ ಐನೂರು ಚಿಲ್ಲರೆಯ ಕಥೆ ನಿಮ್ಮದೂ ಆದೀತು.

ಆ ಮನೆ ಸಾಲ ಕೊನೆಗೂ ಸಿಕ್ಕಿತಾ?

ಸಿಕ್ಕಿತು. ಲೇಟ್ ಫೀ, ಬಡ್ಡಿಯನ್ನು ಅರ್ಧ ಬಿಡುತ್ತೇವೆ ಅಂದರು, ಸೆಟಲ್ಡ್ ಅಂತ ಬರುತ್ತದೆಂದು ಗೊತ್ತಾಗಿ ಬೇಡ ಅಂದೆ. ಆರು ಸಾವಿರ ಚಿಲ್ಲರೆ ಪೂರ್ತಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರಕ್ಕೆ ಮೂರು ಸಲ ಓಡಾಡಿ, ರಿಪೋರ್ಟಿನಲ್ಲಿ ಅದು ಬದಲಾಗುವ ತನಕ ಕಾದೆ. ಬಡ್ಡಿ ಮಾತ್ರ ಪಕ್ಕದ ಮೇಜಿನ ಸಹೋದ್ಯೋಗಿಗಿಂತ ಕಾಲು ಪರ್ಸೆಂಟ್ ಹೆಚ್ಚೇ ಬಿತ್ತು. ಇಪ್ಪತ್ತು ವರ್ಷದ ಸಾಲ, ಇನ್ನೂ ಕಟ್ಟುತ್ತಿದ್ದೇನೆ. ಆಟೋ ಪೇ ಇದೆ, 5ನೇ ತಾರೀಖು.